ಡಬ್ಬಿಯೊಳಗಿನ ದಂಡು

ಹಾಲಿನ ಪುಡಿಯ ಡಬ್ಬಿಯಲ್ಲಿ ಹಾಲಿನ ಪುಡಿಯೇ ಇರುವ ಮನೆ ಕತಾರಿನಲ್ಲಿ ಎಲ್ಲಿಯಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಿ. ಹೋಗಿ ಆ ಗೃಹಿಣಿಗೆ ಕೈಮುಗಿದು ಬರುತ್ತೇನೆ. ದೋಹಾದ ಅಂಚಿನ ಮುಐದರ್ ಬಡಾವಣೆಯ ನಮ್ಮ ಮನೆಯಲ್ಲಿ, ಎಂದರೆ ಒಂದು ವಿಲ್ಲಾವನ್ನು ನಾಲ್ಕಾಗಿ ಸೀಳಿ ಬಾಡಿಗೆಗೆ ಕೊಟ್ಟಿರುವ ಕಟ್ಟಡದಲ್ಲಿ ನಮ್ಮ ಪಾಲಿಗೆ ಬಂದ ಕಾಲುಭಾಗದಲ್ಲಿ, ಹಾಲಿನ ಪುಡಿಯ ಡಬ್ಬಿಯೊಳಗೆ ಸಾಸಿವೆ ಇದೆ. ಖರ್ಜೂರದ ಪೆಟ್ಟಿಗೆಯಲ್ಲಿ ಜ್ವರದ ಮಾತ್ರೆ, ಮೊಸರಿನ ಬಕೆಟ್ಟಿನಲ್ಲಿ ಜೋಳದ ಹಿಟ್ಟು, ಜೇನಿನ ಬಾಟಲಿಯಲ್ಲಿ, ರೊಟ್ಟಿಗೆ ಸವರಿಕೊಂಡು ಬಾಯಿಗಿಟ್ಟ ಮೇಲೆ ನನಗೆ ಗೊತ್ತಾದಂತೆ, ದೀಪದ ಎಣ್ಣೆ. ಹೊರಗಿನ ಹೆಸರಿಗೂ ಒಳಗಿನ ವಸ್ತುವಿಗೂ ನಮ್ಮ ಅಡುಗೆಮನೆಯಲ್ಲಿ ಇರುವುದು ಎಣ್ಣೆ-ಸೀಗೆಕಾಯಿಯ ಸಂಬಂಧ.

ಇದರಿಂದ ನನಗಾಗುವ ಯಾತನೆಯನ್ನು ನೀವು ಅರ್ಥಮಾಡಿಕೊಳ್ಳಬೇಕಾದರೆ ನನ್ನ ಉದ್ಯೋಗವನ್ನು ಹೇಳಬೇಕು. ನಾನು ಇಲ್ಲಿನ ಒಂದು ಗ್ಯಾಸ್ ಕಂಪನಿಯಲ್ಲಿ ದಾಖಲೆಪತ್ರಗಳ ನಿಯಂತ್ರಕ. ಅನಿಲವನ್ನು ನಿಯಂತ್ರಿಸುವವರು ಬೇರೆ ಇದ್ದಾರೆ. ಆ ಅನಿಲದ ಬಗ್ಗೆ ಬರೆದ ಕಾಗದಗಳು ಅಡ್ಡಾದಿಡ್ಡಿ ಓಡದಂತೆ ನೋಡಿಕೊಳ್ಳುವುದು ನನ್ನ ಕೆಲಸ. ನಕಾಶೆಯೊಂದು ತಿದ್ದುಪಡಿಯಾಗಿ ಹೊಸ ಆವೃತ್ತಿ ಬಂತೆಂದರೆ ಹಳೆಯದರ ನೆತ್ತಿಯ ಮೇಲೆ ಕೆಂಪು ಮುದ್ರೆ ಒತ್ತಿ ಚಲಾವಣೆಯಿಂದ ಕಿತ್ತುಹಾಕಬೇಕು, ಏಕೆಂದರೆ ಹಳೆಯ ನಕಾಶೆಯನ್ನು ನಂಬಿ ಯಾರೋ ಒಬ್ಬ ಪುಣ್ಯಾತ್ಮ ತಪ್ಪು ಕೊಳವೆಗೆ ಗರಗಸ ಇಟ್ಟರೆ ಅವನೂ ಉಳಿಯುವುದಿಲ್ಲ, ನಾವೂ ಉಳಿಯುವುದಿಲ್ಲ. ಇಪ್ಪತ್ತೊಂದು ವರ್ಷ ಈ ಮಂತ್ರವನ್ನು ಜಪಿಸಿದವನಿಗೆ ಹಳೆಯ ಪಟ್ಟಿಯೊಂದು ಕಣ್ಣಿಗೆ ಬಿದ್ದರೆ ಸಾಕು, ಕೈ ತಾನಾಗಿಯೇ ಕೆಂಪು ಮುದ್ರೆಗಾಗಿ ತಡಕಾಡುತ್ತದೆ. ಅಡುಗೆಮನೆಯ ಡಬ್ಬಿಗಳಿಗೂ ಒಮ್ಮೆ ಕ್ರಮಸಂಖ್ಯೆ ಸಹಿತ ಚೀಟಿ ಅಂಟಿಸಿದೆ. ಹೆಂಡತಿ ಗಿರಿಜಾ ಒಂದನ್ನೂ ಕೀಳಲಿಲ್ಲ. ಹದಿನೈದು ದಿನಗಳೊಳಗೆ ಚೀಟಿಗಳು ಇದ್ದಲ್ಲಿಯೇ ಇದ್ದವು, ಒಳಗಿನ ಸಾಮಾನೆಲ್ಲ ಬೇರೆ ಕಡೆ ವರ್ಗವಾಗಿತ್ತು.

ನನ್ನ ಇನ್ನೊಂದು ದೌರ್ಬಲ್ಯವನ್ನೂ ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ. ಬ್ರಿಟಿಷರ ಕಾಲದ ನಮ್ಮ ಕಾಲಾಳು ಪಲ್ಟನ್ನುಗಳ ಇತಿಹಾಸ ಓದುವುದು ನನಗೊಂದು ಹುಚ್ಚು. ಅಂಗಾಲು ಚಪ್ಪಟೆಯೆಂದು ಕಾಲೇಜಿನ ಕವಾಯತಿನಿಂದಲೇ ಹೊರಬಿದ್ದವನು ನಾನು. ಇಂದಿಗೂ ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ಒಮ್ಮೆ ಶಿಬಿರ ಹಾಕುತ್ತೇನೆ. ಆದರೂ ಯಾವ ಪಲ್ಟನ್ನು ಯಾವ ನದಿ ದಾಟಿತು, ಯಾವುದರ ಕೋಟಿನ ಕಾಲರು ಯಾವ ಬಣ್ಣದ್ದಿತ್ತು ಎಂಬುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಯಾರೂ ಎಬ್ಬಿಸಿ ಕೇಳಿಲ್ಲ, ಅದು ಬೇರೆ ಮಾತು. ಇಲ್ಲಿನ ಕನ್ನಡಿಗರ ಒಂದು ಕೂಟದಲ್ಲಿ ಈ ವಿಷಯವಾಗಿ ಮುಕ್ಕಾಲು ಗಂಟೆ ಮಾತಾಡಿ ಊಟವನ್ನು ತಡಮಾಡಿದಂದಿನಿಂದ ಗೆಳೆಯರು ನನ್ನನ್ನು ಕರ್ನಲ್ ಎಂದು ಕರೆಯುತ್ತಾರೆ. ಅದು ಗೌರವವಲ್ಲ, ಹಸಿವಿನ ಸೇಡು.

ಈ ಪುಕ್ಕಟೆ ಪದವಿಯೇ ನನ್ನನ್ನು ಮೂಸಬ್ಬನವರ ಬಳಿ ಸಿಕ್ಕಿಹಾಕಿಸಿದ್ದು.

ಮೂಸಬ್ಬನವರು ಅಲ್ ಮನ್ಸೂರಾದಲ್ಲಿ ಒಂದು ಸಣ್ಣ ಹೋಟೆಲು ನಡೆಸುತ್ತಿದ್ದರು. ಮಂಗಳೂರಿನ ಆಚೆಯ ಕಡಲ ದಂಡೆಯವರು, ಮನೆಮಾತು ಬ್ಯಾರಿ, ವಯಸ್ಸು ಎಪ್ಪತ್ತರ ಸನಿಹ. ಅದರಲ್ಲಿ ನಲವತ್ತು ವರ್ಷ ಇಲ್ಲಿಯೇ ಕಳೆದವರು. ದೋಹಾದ ಗಗನಚುಂಬಿಗಳೆಲ್ಲ ಅವರ ಕಣ್ಣೆದುರೇ ಹುಟ್ಟಿ ಬೆಳೆದ ಮಕ್ಕಳು. ವಾರಕ್ಕೊಮ್ಮೆ ಅವರಲ್ಲಿ ನೀರುದೋಸೆ ತಿನ್ನದಿದ್ದರೆ ನನ್ನಂಥ ರೊಟ್ಟಿಯವನಿಗೂ ಏನೋ ಕಳೆದುಕೊಂಡಂತಾಗುತ್ತಿತ್ತು. ಹೋದ ವರ್ಷ ಸೆಖೆ ಇಳಿಯತೊಡಗಿದ್ದ ಒಂದು ಬೆಳಿಗ್ಗೆ ಹೋದಾಗ ಅವರು ಗಲ್ಲಾದ ಹಿಂದೆ ಕುಳಿತು ಹುಣಸೆಹುಳಿ ಹಚ್ಚಿ ಒಂದು ಹಿತ್ತಾಳೆಯ ಬಿಲ್ಲೆಯನ್ನು ತಿಕ್ಕುತ್ತಿದ್ದರು. ಅಂಗೈಯಗಲದ ಬಿಲ್ಲೆ, ಬೆಲ್ಟಿಗೆ ಹಾಕುವಂಥದ್ದು. ಪಕ್ಕದಲ್ಲಿ ಅದನ್ನಿಡುವ ಒಂದು ಗುಂಡನೆಯ ಕೆಂಪು ಡಬ್ಬಿ ಬಾಯ್ತೆರೆದು ಕುಳಿತಿತ್ತು. ಬಿಲ್ಲೆಯ ಸುತ್ತಲಿದ್ದ ಅಕ್ಷರಗಳು ತಿಕ್ಕಿ ತಿಕ್ಕಿ ಸವೆದುಹೋಗಿದ್ದವು. ನಡುವಿನ ಸಂಖ್ಯೆ ಮಾತ್ರ ಉಬ್ಬಿಕೊಂಡು ಉಳಿದಿತ್ತು. ಆ ಸಂಖ್ಯೆಯನ್ನು ಇಲ್ಲಿ ಬರೆಯುವುದಿಲ್ಲ. ಅದರಿಂದ ಒಮ್ಮೆ ಕೈ ಸುಟ್ಟುಕೊಂಡದ್ದು ಸಾಕು.

“ಇದು ನಮ್ಮ ಅಜ್ಜಿಯ ಕ್ರಮ ಮಾರಾಯ್ರೆ,” ಎಂದರು ಮೂಸಬ್ಬನವರು. “ಊರಲ್ಲಿ ಮಳೆ ನಿಂತ ದಿನ ಇದನ್ನು ತಿಕ್ಕಬೇಕು. ತಂಗಿ ಫೋನ್ ಮಾಡಿದ್ಳು, ಮಳೆ ಬಿಟ್ಟಿತಂತೆ.”

ಮಳೆಯೇ ಇಲ್ಲದ ಈ ಊರಿನಲ್ಲಿ ಕುಳಿತು ಮಳೆ ನಿಂತದ್ದನ್ನು ಆಚರಿಸುತ್ತಿದ್ದೀರಲ್ಲ ಎಂದು ನಾನು ನಕ್ಕೆ.

“ನಾನು ಇಲ್ಲಿದ್ದೇನೆ ಅಂತ ಅಲ್ಲಿ ಮಳೆ ನಿಲ್ಲುದಿಲ್ವಾ?” ಎಂದು ಅವರು ಬಿಲ್ಲೆಯನ್ನು ನನ್ನ ಕೈಗೆ ಕೊಟ್ಟರು. “ನೀವು ಕರ್ನಲ್ ಅಂತೆ ಅಲ್ವಾ? ಇದು ಯಾವ ಪಲ್ಟನ್ನಿಂದು ಹೇಳಿ ನೋಡುವ.”

ಮುಂದಿನ ಅರ್ಧ ಗಂಟೆಯಲ್ಲಿ, ನೀರುದೋಸೆ ತಣಿದು ಚರ್ಮವಾಗುತ್ತಿದ್ದಂತೆ, ಅವರು ಹೇಳಿದ ಕತೆ ಇಷ್ಟು. ಅವರನ್ನು ಸಾಕಿ ಬೆಳೆಸಿದ್ದು ತಾಯಿಯ ತಾಯಿ. ಆ ಅಜ್ಜಿಯ ತಂದೆ ಬ್ರಿಟಿಷರ ಪಲ್ಟನ್ನು ಸೇರಿ, ಎಲ್ಲಿಗೋ ಹೋಗಿ, ತಿರುಗಿ ಬರಲಿಲ್ಲ. ಬಿಲ್ಲೆ ಮಾತ್ರ ಮನೆ ಸೇರಿತು. ಊರಿನವರು ಆತ ಪಲ್ಟನ್ನಿನಿಂದ ಓಡಿಹೋದ, ಎಲ್ಲೋ ಬೇರೆ ಸಂಸಾರ ಹೂಡಿದ ಎಂದು ತೀರ್ಮಾನಿಸಿದರು. ಅಜ್ಜಿ ಸಾಯುವವರೆಗೂ ಆ ಊರಿಗೆ ಓಡಿಹೋದವನ ಮಗಳೇ ಆಗಿದ್ದಳು. ಮನೆಯ ಹೆಣ್ಣುಮಕ್ಕಳ ಮದುವೆಯ ಮಾತುಕತೆಯಲ್ಲಿ ಆ ಮಾತು ಮೆಲ್ಲಗೆ ತಲೆಯೆತ್ತುತ್ತಿತ್ತು. ನಲವತ್ತು ವರ್ಷ ಗಲ್ಫಿನಲ್ಲಿ ದುಡಿದ ಮೂಸಬ್ಬನವರಿಗೂ ಜಾಗದ ಜಗಳವೊಂದರಲ್ಲಿ ದೊಡ್ಡಪ್ಪನ ಮಗನೊಬ್ಬ, ದೂರ ಹೋಗಿ ಕೂರುವುದು ನಿಮಗೆ ರಕ್ತದಲ್ಲೇ ಬಂದದ್ದು ಎಂದು ಅಂದುಬಿಟ್ಟಿದ್ದನಂತೆ.

“ಈ ವರ್ಷ ಇಲ್ಲಿಯದ್ದು ಖಲಾಸ್ ಮಾಡಿ ಊರಿಗೆ ಹೋಗುದು,” ಎಂದರು. “ಎಲ್ಲರಿಗೂ ಏನೇನೋ ತಗೊಂಡಿದ್ದೇನೆ. ಅಜ್ಜಿಗೆ ಒಂದು ಕಾಗದ ತಗೊಂಡು ಹೋಗಬೇಕು ಅಂತ ಆಸೆ. ಅವಳ ಅಪ್ಪ ಓಡಿಹೋದವ ಅಲ್ಲ ಅಂತ. ಅವಳು ಇಲ್ಲ, ಗೊತ್ತುಂಟು. ಕಬರಿನ ಹತ್ರ ಓದಿ ಹೇಳ್ತೇನೆ.”

ಬಿಲ್ಲೆಯನ್ನು ಬೆಳಕಿಗೆ ಹಿಡಿದು ಸಂಖ್ಯೆಯನ್ನು ಬರೆದುಕೊಂಡೆ. ಒಂದು ವಾರ ಸಾಕು ಎಂದೆ. ಹಾಗೆನ್ನುವಾಗ ನನ್ನ ಧ್ವನಿಯಲ್ಲಿ ಸ್ವಲ್ಪ ಕರ್ನಲತನ ಬಂದಿದ್ದರೆ ಕ್ಷಮಿಸಿ.

ಹಳೆಯ ಸೇನಾಪಟ್ಟಿಗಳೂ ಪಲ್ಟನ್ನುಗಳ ಚರಿತ್ರೆಗಳೂ ಈಗ ಕಂಪ್ಯೂಟರಿನಲ್ಲಿಯೇ ಸಿಗುತ್ತವೆ. ಆ ಸಂಖ್ಯೆಯನ್ನು ಹುಡುಕಿದಾಗ ಎರಡು ಪಟ್ಟಿಗಳು ತೆರೆದುಕೊಂಡವು, ಒಂದು ಹಳೆಯದು, ಒಂದು ಅದರ ನಂತರದ್ದು. ಈ ಹಂತದಲ್ಲಿ ಇತಿಹಾಸಕಾರನಾಗಿದ್ದರೆ ಎರಡನ್ನೂ ಓದುತ್ತಿದ್ದ. ದಡ್ಡನಾಗಿದ್ದರೂ ಕುತೂಹಲಕ್ಕಾದರೂ ಹಳೆಯದನ್ನು ಇಣುಕಿ ನೋಡುತ್ತಿದ್ದ. ನಾನು ದಾಖಲೆ ನಿಯಂತ್ರಕ. ಹೊಸ ಆವೃತ್ತಿ ಇರುವಾಗ ಹಳೆಯದನ್ನು ಮುಟ್ಟಬಾರದೆಂಬ ಇಪ್ಪತ್ತೊಂದು ವರ್ಷಗಳ ತಪಸ್ಸು ನನ್ನ ಬೆರಳ ತುದಿಯಲ್ಲಿತ್ತು. ಹಳೆಯ ಪಟ್ಟಿಯನ್ನು ಓದದೆಯೇ ಮುಚ್ಚಿದೆ, ಕಸ ಗುಡಿಸಿದಷ್ಟು ನೆಮ್ಮದಿಯಾಯಿತು.

ಹೊಸ ಪಟ್ಟಿಯಲ್ಲಿ ಆ ಸಂಖ್ಯೆಯ ಪಲ್ಟನ್ನು ಮಹಾ ಪ್ರತಾಪಿ. ಮೊದಲ ಮಹಾಯುದ್ಧದಲ್ಲಿ ಈ ಕೊಲ್ಲಿಯ ನೀರನ್ನೇ ಸೀಳಿ ಹೋಗಿ ಇರಾಕಿನ ಬಸ್ರಾದಲ್ಲಿ ಇಳಿದು, ಮರಳಿನಲ್ಲಿ ಕಂದಕ ತೋಡಿ ಕಾದಿದ ಶೂರರದ್ದು. ನನಗೆ ರೋಮಾಂಚನವಾಯಿತು. ಮುತ್ತಜ್ಜನ ಹಡಗು ಹಾದುಹೋದ ದಂಡೆಯಲ್ಲಿಯೇ ಮರಿಮಗ ನಲವತ್ತು ವರ್ಷ ದೋಸೆ ಹುಯ್ದನಲ್ಲ ಎಂಬ ಯೋಗಾಯೋಗಕ್ಕೆ ಮರುಳಾಗಿ ಒಂದು ಪುಟ ಬರೆದೆ. ರಣಭೂಮಿ, ವೀರಮರಣ, ಯಶಶ್ಚಂದ್ರಿಕೆ, ಹೀಗೆ ನಿವೃತ್ತಿ ಹೊಂದಿ ವಿಶ್ರಾಂತಿ ಪಡೆಯುತ್ತಿದ್ದ ಶಬ್ದಗಳನ್ನೆಲ್ಲ ಮರಳಿ ಸೇವೆಗೆ ಕರೆಸಿಕೊಂಡೆ. ಉತ್ತರದವರೇ ತುಂಬಿದ್ದ ಆ ಪಲ್ಟನ್ನಿನಲ್ಲಿ ನಮ್ಮ ಕಡಲ ದಂಡೆಯ ಬ್ಯಾರಿಯೊಬ್ಬ ಹೇಗೆ ಸೇರಿದ ಎಂಬ ಪ್ರಶ್ನೆ ಬಂದು ಬಾಗಿಲು ತಟ್ಟಿತು, ನಿಜ. ಬರೆಯುವ ಉತ್ಸಾಹದಲ್ಲಿದ್ದವನಿಗೆ ಬಾಗಿಲು ತೆರೆಯಲು ಪುರುಸೊತ್ತಾಗಲಿಲ್ಲ.

ಮೂಸಬ್ಬನವರ ಬೀಳ್ಕೊಡುಗೆಯ ಊಟ ಒಂದು ಶುಕ್ರವಾರ ಮಧ್ಯಾಹ್ನ ಅವರ ಹೋಟೆಲಿನಲ್ಲಿಯೇ ನಡೆಯಿತು. ಮುಂದಿನ ಶುಕ್ರವಾರ ಅವರ ವಿಮಾನ. ಗಿರಿಜೆಯೂ ಬಂದಿದ್ದಳು. ನಾನು ಎದ್ದು ನಿಂತು ಆ ಪುಟವನ್ನು ಓದಿದೆ. ಬಿರಿಯಾನಿಯ ಎದುರಿನಲ್ಲಿ ಜನ ಇಷ್ಟು ನಿಶ್ಶಬ್ದವಾಗಿ ಕುಳಿತದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಮುಗಿದಾಗ ಚಪ್ಪಾಳೆ. ಮೂಸಬ್ಬನವರು ನನ್ನ ಎರಡೂ ಕೈ ಹಿಡಿದುಕೊಂಡು ಏನೋ ಹೇಳಹೊರಟು ಸುಮ್ಮನಾದರು. ಅವರ ಕಣ್ಣು ತುಂಬಿತ್ತು. ಆ ಹೇಳಹೊರಟದ್ದು ಕೃತಜ್ಞತೆಯೇ ಇರಬೇಕೆಂದು ನಾನು ವಿನಯದಿಂದ ಊಹಿಸಿಕೊಂಡೆ. ಪುಟಕ್ಕೆ ಪ್ಲಾಸ್ಟಿಕ್ಕಿನ ಹೊದಿಕೆ ಹಾಕಿಸಿ ಚೌಕಟ್ಟು ಕಟ್ಟಿಸುವುದೆಂದು ಅಲ್ಲಿಯೇ ತೀರ್ಮಾನವಾಯಿತು. ಬಿಲ್ಲೆಯೂ ಕೆಂಪು ಡಬ್ಬಿಯೂ ಮೇಜಿನಿಂದ ಮೇಜಿಗೆ ಸಾಗಿದವು. ಎಲ್ಲರೂ ಬಿಲ್ಲೆಯನ್ನು ನೋಡಿದರು. ಗಿರಿಜಾ ಒಬ್ಬಳು ಡಬ್ಬಿಯನ್ನು ನೋಡಿದಳು.

ಮನೆಗೆ ಮರಳುವಾಗ, ಅಲ್ ರಯ್ಯಾನಿನ ರಸ್ತೆಯಲ್ಲಿ ಕಾರು ತೆವಳುತ್ತಿದ್ದಾಗ, ಅವಳು ಕೇಳಿದಳು: “ಆ ಡಬ್ಬಿ ಎಲ್ಲೀದ್ರೀ?”

ಯಾವ ಡಬ್ಬಿ ಎಂದೆ. ನನ್ನ ಕಿವಿಯಲ್ಲಿ ಇನ್ನೂ ಚಪ್ಪಾಳೆಯಿತ್ತು.

“ಆ ಕೆಂಪಂದು. ಕೈಯಾಗ ಹಿಡದು ನೋಡಿದೆ, ಹೂವಿನಂಗ ಹಗುರ ಅದ. ಅಂಚಿಗೆ ಬಣ್ಣ ಹೋದಲ್ಲಿ ನೋಡಿದ್ರ ಒಳಗ ಬಿದಿರು ಹೆಣದಾರ, ನಮ್ಮ ಕಡೆ ಬುಟ್ಟಿ ಹೆಣದಂಗ. ಅದರ ಮ್ಯಾಲ ಅರಗಿನ ಬಣ್ಣ. ನಿಮ್ಮ ಬಸ್ರಾದಾಗ ಬಿದಿರು ಬೆಳೀತದೇನು?”

ಎಲ್ಲಿಯೋ ಕೊಂಡಿರಬಹುದು, ಡಬ್ಬಿಗೇನು ಮಹತ್ವ, ಒಳಗಿದ್ದದ್ದು ಮುಖ್ಯ ಎಂದೆ.

“ಸಾಮಾನು ಯಾವ ಡಬ್ಬ್ಯಾಗ ಇಟ್ಟಾರ ಅನ್ನೂದೂ ಒಂದು ಸುದ್ದೀನ ರೀ,” ಎಂದಳು. ಮತ್ತೆ, “ಅಪ್ಪ ಹೋದಾಗ ಆ ಅಜ್ಜಿಗೆ ಎಷ್ಟು ವಯಸ್ಸಂತ?” ಎಂದಳು. ಸಣ್ಣವಳು ಎಂದೆ. ಅವಳು ಬೆರಳು ಮಡಿಚಿ ಮಡಿಚಿ ಏನೋ ಎಣಿಸಿದಳು. “ಮೂಸಬ್ಬ ಅವ್ರಿಗೇ ಎಪ್ಪತ್ತು ಬಂತು. ಅವ್ರ ಅವ್ವನ ಅವ್ವ ಅಕಿ. ನೀವು ಹೇಳೋ ಯುದ್ಧದ ಹೊತ್ತಿಗೆ ಅಕೀಗೆ ಮಕ್ಕಳಾಗೂ ವಯಸ್ಸು.”

ಮರುದಿನ ಹಳೆಯ ಪಟ್ಟಿಯನ್ನು ತೆರೆದೆ. ಓದುಗರೇ, ಪಲ್ಟನ್ನುಗಳ ವಿಷಯದಲ್ಲಿ ನನಗೆ ನಿದ್ದೆಯಲ್ಲೂ ನೆನಪಿರಬೇಕಾಗಿದ್ದ, ಎಚ್ಚರದಲ್ಲಿ ಮರೆತುಹೋದ ಸಂಗತಿ ಇದು: ಬಂಗಾಳ, ಮದರಾಸು, ಮುಂಬಯಿ, ಈ ಮೂರು ಪ್ರಾಂತಗಳಿಗೂ ಮೊದಲು ಬೇರೆ ಬೇರೆ ಸೈನ್ಯ, ಬೇರೆ ಬೇರೆ ಎಣಿಕೆ. ಮೂರರಲ್ಲೂ ಒಂದನೆಯದಿತ್ತು, ಮೂರರಲ್ಲೂ ಹತ್ತನೆಯದಿತ್ತು. ಹೋದ ಶತಮಾನದ ಆರಂಭದಲ್ಲಿ ಒಬ್ಬ ದಂಡನಾಯಕರು ಎಲ್ಲವನ್ನೂ ಒಂದೇ ದಾರಕ್ಕೆ ಪೋಣಿಸಿದರು. ಉತ್ತರದವರಿಗೆ ಹಳೆಯ ಸಂಖ್ಯೆಗಳು ಉಳಿದವು. ದಕ್ಷಿಣದವರು ಸಾಲಿನಲ್ಲಿ ಹಿಂದಕ್ಕೆ ಸರಿದು ಹೊಸ ಸಂಖ್ಯೆ ಕಟ್ಟಿಕೊಂಡರು. ಮೂಸಬ್ಬನವರ ಬಿಲ್ಲೆ ಅದಕ್ಕೂ ಮೊದಲಿನದು, ಮದರಾಸಿನದು. ನಾನು ಯಾರದೋ ಮನೆಯ ಶೌರ್ಯವನ್ನು ತಂದು ಇನ್ನಾರದೋ ಗೋಡೆಗೆ ಮೊಳೆ ಹೊಡೆದಿದ್ದೆ.

ಆ ಮದರಾಸು ಪಲ್ಟನ್ನಿಗೂ ಒಂದು ಚರಿತ್ರೆಯಿತ್ತು, ಅದರ ಒಬ್ಬ ಸಾಹೇಬರೇ ಬರೆದದ್ದು. ಕುಳಿತು ಪೂರ್ತಿ ಓದಿದೆ. ಕರಾವಳಿಯ ಮುಸಲ್ಮಾನರು, ತಮಿಳರು, ತೆಲುಗರು ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದ ಪಲ್ಟನ್ನು. ಹೆಂಡತಿ ಮಕ್ಕಳನ್ನು ಜೊತೆಗೇ ಕರೆದೊಯ್ದು ದಂಡಿನ ಊರುಗಳಲ್ಲಿ ಸಾಲುಮನೆ ಹೂಡುವುದು ಅವರ ವಾಡಿಕೆ. ಸಮುದ್ರ ದಾಟುವಾಗ ಮಾತ್ರ ಸಂಸಾರವನ್ನು ಊರಿಗೆ ಕಳಿಸಿಬಿಡಬೇಕು. ನಮ್ಮ ವೀಸಾಗಳ ನಿಯಮ ಓದಿದ ಹಾಗೆಯೇ ಇತ್ತು. ಬರ್ಮಾದ ರಾಜನ ಪದಚ್ಯುತಿಯಾದ ಮೇಲೆ ಆ ಪಲ್ಟನ್ನನ್ನು ಹಡಗಿನಲ್ಲಿ ತುಂಬಿ ಅಲ್ಲಿಗೆ ಕಳಿಸಿದರು. ಬಿದಿರು ಹೆಣೆದು ಅರಗು ಬಳಿದ ಡಬ್ಬಿಗಳು ಆ ದೇಶದ್ದೇ ಕಸುಬು. ಅಲ್ಲಿ ಅವರು ಮಾಡಿದ್ದು ದೊಡ್ಡ ಯುದ್ಧವೇನೂ ಅಲ್ಲ. ಕಾಡು ಕಡಿದರು, ರೈಲುದಾರಿ ಕಾದರು, ನದಿಯ ಕಟ್ಟೆಯಲ್ಲಿ ದೋಣಿಗಳನ್ನು ಎಣಿಸಿದರು. ಸಾಹೇಬರು ಅಧಿಕಾರಿಗಳ ಕುದುರೆ ಪಂದ್ಯಕ್ಕೆ ಎರಡು ಪುಟ ಕೊಟ್ಟಿದ್ದಾರೆ. ಸಿಪಾಯಿಗಳ ವಿಷಯಕ್ಕೆ ಬಂದಾಗ, ಶತ್ರುವಿನಿಂದ ಸತ್ತವರು ಕೆಲವರು, ಮಳೆಗಾಲದ ಜ್ವರದಿಂದ ಸತ್ತವರು ಅನೇಕರು ಎಂದು ಅರ್ಧ ಸಾಲು. ಅವರಲ್ಲಿ ಯಾರ ಹೆಸರೂ ಇಲ್ಲ. ಆಮೇಲೆ ದಕ್ಷಿಣದವರು ಕಾದಾಡುವ ಜನವಲ್ಲ ಎಂದು ದೊಡ್ಡವರು ನಿರ್ಣಯಿಸಿದರು. ನನ್ನ ಕಂಪನಿಯಲ್ಲೂ ನಮ್ಮ ವಿಭಾಗದ ಹೆಸರು ಮೂರು ಸಲ ಬದಲಾಗಿದೆ. ಹೆಸರು ಬದಲಾದಾಗಲೆಲ್ಲ ಒಂದಿಷ್ಟು ಜನ ಊರಿಗೆ ಹೊರಡುತ್ತಾರೆಂಬುದು ನನಗೆ ಗೊತ್ತು. ಈ ಪಲ್ಟನ್ನಿನದೂ ಅದೇ ಕತೆ. ಸಂಖ್ಯೆ ಬದಲಾಯಿತು, ಹೆಸರು ಬದಲಾಯಿತು, ಮಹಾಯುದ್ಧ ಮುಗಿದ ಮೇಲೆ ಖರ್ಚು ಉಳಿಸಲೆಂದು ಒಂದು ದಿನ ಅದನ್ನು ಮುಚ್ಚಿಯೇಬಿಟ್ಟರು. ಪಲ್ಟನ್ನಿನ ನೆತ್ತಿಯ ಮೇಲೂ ಕೆಂಪು ಮುದ್ರೆ ಬಿತ್ತು. ನನಗೆ ಆ ಅರ್ಧ ಸಾಲಿನ ಜನರ ಮೇಲೆ ಬಹಳ ಮರುಕವಾಯಿತು, ನನ್ನ ಮೇಲೆ ಸಿಟ್ಟೂ ಬಂತು.

ಈಗ ಪ್ರಶ್ನೆ, ಹೇಳುವುದೇ, ಬೇಡವೇ ಎಂಬುದು. ಹೇಳಬಾರದೆನ್ನುವುದಕ್ಕೆ ನಾಲ್ಕು ದಿನ ನಾನು ಕಲೆಹಾಕಿದ ಕಾರಣಗಳನ್ನು ಒಟ್ಟುಗೂಡಿಸಿದರೆ ಒಂದು ಗ್ರಂಥವಾದೀತು. ವಯಸ್ಸಾದವರು, ಸಂತೋಷವಾಗಿದ್ದಾರೆ. ಯಾರಿಗೆ ನಷ್ಟ? ಕಬರಿನ ಮುಂದೆ ಓದುವ ಕಾಗದವನ್ನು ಯಾರು ತಪಾಸಣೆ ಮಾಡುತ್ತಾರೆ? ಮೇಲಾಗಿ ಬರ್ಮಾದ ಕಾಡೆಂದರೆ, ನೋಡಿ, ಊರಿನವರ ಮಾತಿಗೆ ಇನ್ನಷ್ಟು ಬಲ ಬರುತ್ತದೆ. ಅಲ್ಲಿ ಮನೆ ಮಾಡಿ ಉಳಿದುಬಿಟ್ಟವರೂ ಇದ್ದರಲ್ಲ. ವೀರಮರಣದ ಕಾಗದ ಕೊಟ್ಟು, ಓಡಿಹೋಗಿರಲೂಬಹುದು ಎಂಬ ಕಾಗದವನ್ನು ಯಾವ ಮುಖದಿಂದ ತಿರುಗಿ ಕೊಡಲಿ? ಇದೆಲ್ಲ ಗಿರಿಜೆಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ತಪ್ಪು ನಕಾಶೆ ಹಿಡಕೊಂಡು ಪೈಪ್ ಕೊಯ್ಯಾಕ ಹೊಂಟವಗ ನಿಮ್ಮ ಆಫೀಸಿನ್ಯಾಗ ಏನಂತೀರಿ?” ಎಂದಷ್ಟೇ ಕೇಳಿದಳು.

ಬುಧವಾರ ಆಫೀಸು ಮುಗಿಸಿ ನೇರವಾಗಿ ಅಲ್ ಮನ್ಸೂರಾಕ್ಕೆ ಹೋದೆ. ಹೋಟೆಲಿನಲ್ಲಿ ಗಿರಾಕಿಗಳಿರಲಿಲ್ಲ. ಮೂಸಬ್ಬನವರು ಎರಡು ದೊಡ್ಡ ರಟ್ಟಿನ ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುತ್ತಿದ್ದರು. ಚೌಕಟ್ಟು ಕಟ್ಟಿಸಿದ ನನ್ನ ಪುಟ ಕುರ್ಚಿಯೊಂದರ ಮೇಲೆ, ಅತಿಥಿಯ ಹಾಗೆ, ಒರಗಿ ಕುಳಿತಿತ್ತು. ಅದನ್ನು ನೋಡುತ್ತ ನಿಂತರೆ ಧೈರ್ಯ ಸಾಲದೆಂದು ಗೋಡೆ ನೋಡುತ್ತ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ: ಪಟ್ಟಿ ಎರಡಿದ್ದವು, ನಾನು ಒಂದನ್ನು ಓದದೆ ಮುಚ್ಚಿದೆ, ನಿಮ್ಮ ಮುತ್ತಜ್ಜ ಬಸ್ರಾಕ್ಕೆ ಹೋಗಲಿಲ್ಲ, ಬರ್ಮಾಕ್ಕೆ ಹೋದರು, ಅಲ್ಲಿ ಯುದ್ಧವಿರಲಿಲ್ಲ, ಕಾಡಿತ್ತು, ಮಳೆಯಿತ್ತು, ಜ್ವರವಿತ್ತು, ಅವರು ಏನಾದರೆಂದು ನನಗೆ ಗೊತ್ತಿಲ್ಲ.

ಮೂಸಬ್ಬನವರು ಹಗ್ಗದ ಗಂಟನ್ನು ಹಿಡಿದ ಹಾಗೆಯೇ ಇದ್ದರು. “ಮಳೆ ಉಂಟಾ ಅಲ್ಲಿ?” ಎಂದು ಕೇಳಿದರು.

ತಿಂಗಳುಗಟ್ಟಲೆ ಬಿಡದೆ ಸುರಿಯುತ್ತದೆ ಎಂದು ಆ ಸಾಹೇಬರು ಗೋಳಾಡಿಕೊಂಡಿದ್ದಾರೆ ಎಂದೆ.

ಅವರು ಹಗ್ಗ ಬಿಟ್ಟು ಪೆಟ್ಟಿಗೆಯ ಮೇಲೆಯೇ ಕುಳಿತರು. “ನಮ್ಮ ಅಜ್ಜಿ ಹೇಳ್ತಿದ್ದದ್ದು ಅದೇ. ಅವಳು ಸಣ್ಣವಳಿದ್ದಾಗ ಒಬ್ಬ ಜನ ಬಂದು ಆ ಡಬ್ಬಿ ಕೊಟ್ಟು ಹೋದನಂತೆ. ಪಲ್ಟನ್ನಿನ ಜನ, ತಮಿಳ. ಇವರ ಭಾಷೆ ಅವನಿಗೆ ಬರುದಿಲ್ಲ, ಅವನದ್ದು ಇವರಿಗೆ ಬರುದಿಲ್ಲ. ಕೈಬೆರಳು ಹೀಗೆ ಮೇಲಿಂದ ಕೆಳಗೆ ಇಳಿಸಿ ಮಳೆ ಮಾಡಿ ತೋರಿಸಿದನಂತೆ. ತುಂಬ ಹೊತ್ತು ತೋರಿಸಿದನಂತೆ. ಮತ್ತೆ ಎರಡು ಕೈ ಎದೆಗೆ ಕಟ್ಟಿ ಗಡಗಡ ನಡುಗಿ ತೋರಿಸಿದನಂತೆ. ಆಮೇಲೆ ಜಗಲಿಯಲ್ಲಿ ಕೂತು ಅತ್ತನಂತೆ. ನೀರು ಕುಡಿದು ಹೋದ.” ಮಳೆ ಇಳಿಸಿದ ಬೆರಳುಗಳನ್ನು ಮಡಿಚಿಕೊಂಡು ಮುಂದುವರಿಸಿದರು. “ಅಜ್ಜಿ ತಿಳ್ಕೊಂಡದ್ದು, ಅಪ್ಪ ಇರುವಲ್ಲಿ ತುಂಬ ಮಳೆ, ತುಂಬ ಚಳಿ, ಮಳೆ ನಿಂತ ಮೇಲೆ ಬರ್ತಾರೆ ಅಂತ. ಅದಕ್ಕೇ ಪ್ರತಿ ವರ್ಷ ಮಳೆ ನಿಂತ ದಿನ ಇದನ್ನು ತಿಕ್ಕಿ ಇಡುದು, ಬಂದಾಗ ಹೊಳೀಬೇಕು ಅಂತ. ಊರಿನವರು ಅವಳಿಗೆ ನೆಗಾಡ್ತಿದ್ರು. ಹುಡುಗಿ ಕಟ್ಟಿದ ಕತೆ ಅಂತ.”

ನಡುಕ ಚಳಿಯದ್ದಲ್ಲ, ಜ್ವರದ್ದು. ಅದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಈಗಷ್ಟೇ ಜ್ವರದ ಮಾತು ಕೇಳಿದ್ದ ಅವರಿಗೆ ಅದಾಗಲೇ ತಲುಪಿತ್ತು. ಓಡಿಹೋದವನ ಬಿಲ್ಲೆಯನ್ನು ಹೊತ್ತು ಒಬ್ಬ ಸಿಪಾಯಿ ಭಾಷೆ ಬಾರದ ಊರಿನಲ್ಲಿ ಮನೆ ಹುಡುಕಿಕೊಂಡು ಬರುವುದಿಲ್ಲ. ಬಂದರೂ ಜಗಲಿಯಲ್ಲಿ ಕುಳಿತು ಅಳುವುದಿಲ್ಲ.

ಇದನ್ನು ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಬಾರದಾಗಿತ್ತು.

“ನೀವು ಕೇಳ್ಲಿಲ್ಲ,” ಎಂದರು, ಬೇಸರವೇನೂ ಇಲ್ಲದೆ. “ನಂಬರ್ ಕೇಳಿದ್ರಿ, ನಂಬರ್ ಕೊಟ್ಟೆ. ಊಟದ ದಿವಸ ನೀವು ಓದುವಾಗ ಹೇಳುವ ಅಂತ ಆಯ್ತು. ಬಸ್ರಾದಲ್ಲಿ ಮಳೆ ಎಲ್ಲಿ ಮಾರಾಯ್ರೆ? ಆದ್ರೆ ಅಷ್ಟು ಚಂದ ಉಂಟಲ್ಲ ಕಾಗದ, ಅದಕ್ಕೆ ಸುಮ್ಮನಾದೆ. ಆವತ್ತಿಂದ ನನಗೆ ಅಜ್ಜಿಯ ಮುಖ ನೆನಪು ಮಾಡ್ಲಿಕ್ಕೆ ನಾಚಿಕೆ. ಊರಿನವರ ಹಾಗೆ ನಾನೂ ಅವಳನ್ನು ಸುಳ್ಳಿ ಮಾಡಿದೆನಲ್ಲ ಅಂತ.” ಅವರು ಕೆಂಪು ಡಬ್ಬಿಯನ್ನು ಚೀಲದಿಂದ ಹೊರತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. “ಅವಳು ಹೇಳಿದ್ದು ನಿಜ. ಅಲ್ಲಿ ಮಳೆ ಇತ್ತು.”

ನಾಚಿಕೆ ಯಾರಿಗಾಗಬೇಕಿತ್ತೆಂದು ನಾನು ಹೇಳಬೇಕಾಗಿಲ್ಲ. ಆ ಪಲ್ಟನ್ನಿನ ಚರಿತ್ರೆಯಲ್ಲಿ ಸಾಹೇಬರು ಅರ್ಧ ಸಾಲಿಗೆ ಮುಗಿಸಿದ್ದನ್ನು ಹೆಸರಿಲ್ಲದ ಒಬ್ಬ ತಮಿಳು ಸಿಪಾಯಿ ಹತ್ತು ಬೆರಳುಗಳಲ್ಲಿ ಪೂರ್ತಿಯಾಗಿ ಹೇಳಿದ್ದ. ಒಬ್ಬ ಸಣ್ಣ ಹುಡುಗಿ ಅದನ್ನು ಒಂದಕ್ಷರ ಬಿಡದೆ ಕಾಪಿಟ್ಟಿದ್ದಳು. ಆ ಹಳೆಯ ಆವೃತ್ತಿಯನ್ನು ನಾನು ಮುಚ್ಚಿಹಾಕಿದ್ದು ಒಮ್ಮೆಯಲ್ಲ, ಎರಡು ಸಲ: ಒಮ್ಮೆ ಪಟ್ಟಿಯನ್ನು ಓದದೆ, ಇನ್ನೊಮ್ಮೆ ಇವರನ್ನು ಕೇಳದೆ.

ಅಲ್ಲಿಯೇ ಗಲ್ಲಾದ ಮೇಜಿನ ಮೇಲೆ ಹೊಸ ಕಾಗದ ಬರೆದೆ. ಈ ಸಲ ನಿವೃತ್ತ ಶಬ್ದಗಳನ್ನು ಅವುಗಳ ಪಾಡಿಗೆ ಬಿಟ್ಟೆ. ಈ ಮನೆಯ ಹಿರಿಯರೊಬ್ಬರು ಮದರಾಸಿನ ಪಲ್ಟನ್ನಿನಲ್ಲಿದ್ದರು. ಪಲ್ಟನ್ನು ಬರ್ಮಾಕ್ಕೆ ಹೋಯಿತು. ಅಲ್ಲಿ ಬಿಡದೆ ಮಳೆ. ಜ್ವರದಿಂದ ಅನೇಕರು ಸತ್ತರು. ಜೊತೆಗಿದ್ದ ಒಬ್ಬ ಸಿಪಾಯಿ ಅವರ ಬಿಲ್ಲೆಯನ್ನು ಆ ಸೀಮೆಯ ಡಬ್ಬಿಯಲ್ಲಿಟ್ಟು ತಂದುಕೊಟ್ಟು ಅತ್ತು ಹೋದ. ಇದನ್ನು ಕಣ್ಣಾರೆ ಕಂಡವಳು ಅವರ ಮಗಳು. ಇದಕ್ಕಿಂತ ಹೆಚ್ಚು ನಮಗೆ ಗೊತ್ತಿಲ್ಲ. ಕೊನೆಯ ಸಾಲನ್ನು ಬೇಕಾದರೆ ತೆಗೆಯುತ್ತೇನೆ ಎಂದೆ. ಇರಲಿ ಎಂದರು. ಚೌಕಟ್ಟಿನಿಂದ ಹಳೆಯ ಪುಟವನ್ನು ತಾವೇ ಎಳೆದು, ಮಡಚಲಾಗದ್ದರಿಂದ ಇಡಿಯಾಗಿ ನನ್ನ ಕೈಗಿತ್ತರು. “ಇದು ಆ ಬಡಗು ದಿಕ್ಕಿನವರದ್ದಲ್ವಾ? ಅವರ ಮನೆಯವರು ಸಿಕ್ಕಿದ್ರೆ ಕೊಡಿ. ಯಲ್ಲಾ, ಚಾ ಕುಡೀರಿ.”

ಅವರು ಊರು ಸೇರಿ ಹತ್ತು ದಿನವಾದ ಮೇಲೆ ಫೋನು ಬಂತು. ಕಬರಿನ ಹತ್ತಿರ ಓದಿದರಂತೆ. ಮನೆಯಲ್ಲೂ ಎಲ್ಲರ ಮುಂದೆ ಓದಿದರಂತೆ. ಜಾಗದ ಜಗಳದ ಆ ದೊಡ್ಡಪ್ಪನ ಮಗನೂ ಬಂದಿದ್ದನಂತೆ. ಹೆಚ್ಚು ಗೊತ್ತಿಲ್ಲ ಎಂಬ ಸಾಲು ಬಂದಾಗ ಅವನು, ಇಷ್ಟು ಗೊತ್ತಾದದ್ದು ಸಾಕಲ್ಲ ಎಂದನಂತೆ. ಬಿಲ್ಲೆಯನ್ನು ಮುಂದಿನ ವರ್ಷವೂ ತಿಕ್ಕುತ್ತೀರಾ ಎಂದು ಕೇಳಿದೆ. ತಿಕ್ಕದೆ ಮತ್ತೆ, ಎಂದರು ಮೂಸಬ್ಬನವರು. ಈಗ ಮುತ್ತಜ್ಜ ಬರುವುದಿಲ್ಲವೆಂದು ಗೊತ್ತು, ಅಜ್ಜಿ ತಿಕ್ಕುತ್ತಿದ್ದಳೆಂಬುದೂ ಗೊತ್ತು.

ನನ್ನ ಆ ಯಶಶ್ಚಂದ್ರಿಕೆಯ ಪುಟ, ಪ್ಲಾಸ್ಟಿಕ್ಕಿನ ಹೊದಿಕೆಯಿರುವುದರಿಂದ ಒರೆಸಲು ಸುಲಭವೆಂದು, ಈಗ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಎಣ್ಣೆಯ ಡಬ್ಬದ ಅಡಿಹಾಸಾಗಿ ಸೇವೆ ಸಲ್ಲಿಸುತ್ತಿದೆ. ಬಸ್ರಾದ ಶೂರರು ಕ್ಷಮಿಸಬೇಕು. ನಿನ್ನೆ ಗಿರಿಜಾ ಒಗ್ಗರಣೆಗೆ ಸಾಸಿವೆ ಬೇಕೆಂದಳೆಂದು ಹಾಲಿನ ಪುಡಿಯ ಡಬ್ಬಿ ಇಳಿಸಿದೆ. ತುಕ್ಕು ಹಿಡಿದ, ಮುಚ್ಚಳ ಸೊಟ್ಟಗಾದ ಡಬ್ಬಿ. ಇದನ್ನು ಎಸೆದು ಹೊಸದು ತರೋಣ ಎಂದು ಹತ್ತು ಸಲವಾದರೂ ಹೇಳಿರಬೇಕು. ಈ ಸಲ ಹಾಗೆನ್ನದೆ, ಇದು ಯಾವಾಗಿನದು ಎಂದು ಕೇಳಿದೆ. ಗಿರಿಜಾ ಒಲೆಯ ಉರಿ ಸಣ್ಣ ಮಾಡಿ ನನ್ನ ಕಡೆ ತಿರುಗಿದಳು. ನಾವು ಈ ದೇಶಕ್ಕೆ ಬಂದ ಮೊದಲನೆಯ ವಾರ, ಆಗ ಕೂಸಾಗಿದ್ದ ನಮ್ಮ ಮಗಳು ಎದೆಹಾಲು ಬಿಟ್ಟು ಹಟ ಹಿಡಿದಾಗ, ಭಾಷೆ ಬಾರದ ಅಂಗಡಿಯಲ್ಲಿ ಅವಳು ಕೈಸನ್ನೆ ಮಾಡಿ ಕೊಂಡು ತಂದ ಮೊದಲ ಡಬ್ಬಿ ಅದಂತೆ. ಇಪ್ಪತ್ತೊಂದು ವರ್ಷ ಅದೇ ಅಡುಗೆಮನೆಯಲ್ಲಿ ಉಂಡವನಿಗೆ ಅದು ಗೊತ್ತಿರಲಿಲ್ಲ. ಸಾಸಿವೆ ಕೊಟ್ಟು, ಮುಚ್ಚಳ ಹಾಕಿ, ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟೆ.